ಎಡೆಬಿಡದೆ ಎಂದರೆ ಎಷ್ಟು?

ಮೈಸೂರಿನಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯಲ್ಲಿ ನಂಜನಗೂಡು ದಾಟಿದ ಮೇಲೆ ಬೇಗೂರು ಸಿಗುತ್ತದೆ. ಅಲ್ಲಿನ ಪರಿಚಿತರ ಮನೆಯಲ್ಲಿ ಒಮ್ಮೆ ಕುಳಿತಿದ್ದಾಗ, ಕಾಲೇಜಿಗೆ ಹೋಗುವ ಅವರ ಮಗಳು ಇಂಗ್ಲಿಷ್ ವ್ಯಾಕರಣದ ಪುಸ್ತಕ ಹಿಡಿದುಕೊಂಡು ಬಂದಳು. ‘ಕಂಟಿನ್ಯುಯಲ್’ ಎಂಬ ಪದಕ್ಕೂ ‘ಕಂಟಿನ್ಯುಯಸ್’ ಎಂಬ ಪದಕ್ಕೂ ಏನು ವ್ಯತ್ಯಾಸ ಎಂಬುದು ಅವಳ ಪ್ರಶ್ನೆ. ಅವಳಲ್ಲಿದ್ದ ನಿಘಂಟು ಎರಡಕ್ಕೂ ‘ನಿರಂತರ’ ಎಂದು ಬರೆದು ಕೈತೊಳೆದುಕೊಂಡಿತ್ತು. ನಾನು ಮನೆಯ ಮುಂದಿನ ರಸ್ತೆಯನ್ನೇ ತೋರಿಸಿದೆ. ಹಗಲಿನಲ್ಲಿ ಅಲ್ಲಿ ವಾಹನಗಳ ಓಡಾಟ ನಿಲ್ಲುವುದೇ ಇಲ್ಲ ಎನ್ನುತ್ತೇವೆ. ಆದರೆ ಒಂದು ಲಾರಿಗೂ ಮತ್ತೊಂದು ಬಸ್ಸಿಗೂ ನಡುವೆ ರಸ್ತೆ ದಾಟುವಷ್ಟು ತೆರಪು ಇದ್ದೇ ಇರುತ್ತದೆ. ನಿಂತು ನಿಂತು ಮತ್ತೆ ಮತ್ತೆ ಬರುವ ಈ ಓಡಾಟ ‘ಕಂಟಿನ್ಯುಯಲ್’. ಡಾಂಬರಾದರೋ ನಡುವೆ ಎಲ್ಲಿಯೂ ಕಡಿಯದೆ ಹಾಸಿಕೊಂಡಿದೆ, ಅದು ‘ಕಂಟಿನ್ಯುಯಸ್’. ಗುಂಡ್ಲುಪೇಟೆಯಾಚೆ ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿರ್ಬಂಧ ಇರುವುದರಿಂದ ನನ್ನ ಉದಾಹರಣೆಗೆ ಇನ್ನಷ್ಟು ಬಲ ಬಂದಿತು.

ಹುಡುಗಿಗೆ ಅರ್ಥವಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವಳ ತಾಯಿ ಮಾತ್ರ ಸುಮ್ಮನಾಗಲಿಲ್ಲ. “ಹಾಗಾದರೆ ಸಂತ ಪೌಲರು ಎಡೆಬಿಡದೆ ಪ್ರಾರ್ಥಿಸಿ ಎಂದದ್ದು ಇವೆರಡರಲ್ಲಿ ಯಾವುದು? ನಾನು ಜಪಸರ ಹಿಡಿದರೆ ಹಾಲು ಉಕ್ಕುತ್ತದೆ, ಕರು ಕೂಗುತ್ತದೆ. ಎಡೆ ಬೀಳುತ್ತಲೇ ಇರುತ್ತದೆ. ಆ ವಾಚನ ಕೇಳಿದಾಗಲೆಲ್ಲ ನನ್ನಿಂದ ಆಗದ ಆಜ್ಞೆ ಇದು ಅನ್ನಿಸುತ್ತದೆ” ಎಂದರು. ಈ ಬರಹ ಹುಟ್ಟಿದ್ದು ಆ ಮಾತಿನಿಂದ. ಪದಾರ್ಥದ ಒಂದು ಸೂಕ್ಷ್ಮ ಮರೆಯಾದದ್ದಕ್ಕೆ ಒಬ್ಬ ತಾಯಿ ವರ್ಷಗಟ್ಟಲೆ ತಪ್ಪಿತಸ್ಥ ಭಾವನೆಯನ್ನು ಹೊತ್ತಿದ್ದರು.

ಥೆಸಲೋನಿಯದವರಿಗೆ ಬರೆದ ಮೊದಲ ಪತ್ರದ ಐದನೆಯ ಅಧ್ಯಾಯದಲ್ಲಿ ಪೌಲರು ಬಳಸಿದ ಗ್ರೀಕ್ ಪದ ‘ಅದಿಯಾಲೈಪ್ತೋಸ್’. ಅದನ್ನು ಬಿಡಿಸಿ ನೋಡಿದರೆ ‘ದಿಯಾ’ ಎಂದರೆ ನಡುವೆ, ‘ಲೈಪೋ’ ಎಂದರೆ ಬಿಡು, ಮೊದಲಿನ ‘ಅ’ಕಾರ ನಿಷೇಧ. ನಡುವೆ ಬಿಡದೆ, ಅಂದರೆ ಎಡೆ-ಬಿಡ-ದೆ. ಕನ್ನಡ ಬೈಬಲಿನ ಭಾಷಾಂತರಕಾರರು ಇಲ್ಲಿ ಆರಿಸಿದ ಅಚ್ಚಗನ್ನಡ ಪದ ಗ್ರೀಕಿಗೆ ಎಲುಬಿಗೆ ಎಲುಬು ಹೊಂದುತ್ತದೆ. ಇಂಥ ಕೆಲಸಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನು ನಾವು ಸಾಮಾನ್ಯವಾಗಿ ಸಲ್ಲಿಸುವುದಿಲ್ಲ.

ಆದರೆ ಪದದ ಎಲುಬು ಒಂದು, ಬಳಕೆಯ ಜೀವ ಇನ್ನೊಂದು. ಇದೇ ಪದವನ್ನು ಪೌಲರು ಆ ಪತ್ರದ ಮೊದಲೆರಡು ಅಧ್ಯಾಯಗಳಲ್ಲಿ ತಮ್ಮ ಬಗ್ಗೆಯೇ ಹೇಳಿಕೊಳ್ಳಲು ಬಳಸಿದ್ದಾರೆ: ಥೆಸಲೋನಿಯದವರನ್ನು ಎಡೆಬಿಡದೆ ನೆನೆಯುತ್ತಾರಂತೆ, ಅವರಿಗಾಗಿ ಎಡೆಬಿಡದೆ ಕೃತಜ್ಞತೆ ಸಲ್ಲಿಸುತ್ತಾರಂತೆ. ಅದೇ ಎರಡನೆಯ ಅಧ್ಯಾಯದಲ್ಲಿ, ಯಾರಿಗೂ ಹೊರೆಯಾಗಬಾರದೆಂದು ತಾವು ಹಗಲಿರುಳು ದುಡಿದುದನ್ನೂ ಜ್ಞಾಪಿಸುತ್ತಾರೆ. ಗುಡಾರ ಮಾಡುವ ಕಸುಬಿನವರು ಅವರು. ಸೂಜಿಗೆ ದಾರ ಪೋಣಿಸುವ ಕ್ಷಣದಲ್ಲಿಯೂ ಥೆಸಲೋನಿಯದವರ ಹೆಸರನ್ನೇ ಉಚ್ಚರಿಸುತ್ತಿದ್ದರು ಎಂದು ಯಾರೂ ತಿಳಿಯಬೇಕಾಗಿಲ್ಲ. ಅವರ ‘ಎಡೆಬಿಡದೆ’ ಎಂಬುದು ಹೆದ್ದಾರಿಯ ಡಾಂಬರಲ್ಲ, ಓಡಾಟ: ಮರಳಿ ಮರಳಿ ಬರುವುದು, ಬರುವುದನ್ನು ಕೈಬಿಡದಿರುವುದು. ‘ಎಡೆ’ ಎಂಬುದು ಬೇಗೂರಿನ ಹೊಲದವರಿಗೆ ಗೊತ್ತಿರುವ ಪದವೇ. ಸಾಲು ಸಾಲುಗಳ ನಡುವೆ ಎಡೆಕುಂಟೆ ಹಾಯುವಷ್ಟು ಜಾಗ ಬಿಟ್ಟೇ ಬಿತ್ತುತ್ತಾರೆ. ಹಾಗೆಂದು ಬಿತ್ತನೆ ಅರ್ಧಕ್ಕೆ ನಿಂತಿದೆ ಎಂದು ಯಾರೂ ಹೇಳುವುದಿಲ್ಲ.

ಇನ್ನು ‘ನಿತ್ಯ’. ನಮ್ಮ ಪ್ರಾರ್ಥನೆಗಳಲ್ಲಿ ಇದರಷ್ಟು ದುಡಿಯುವ ಪದ ಮತ್ತೊಂದಿರಲಾರದು. ನಿತ್ಯಕರ್ಮ ಎನ್ನುವಾಗ ಅದು ಪ್ರತಿದಿನ. ನಿತ್ಯ ಸಹಾಯ ಮಾತೆ ಎನ್ನುವಾಗ ಯಾವಾಗಲೂ. ನಿತ್ಯಜೀವ ಎನ್ನುವಾಗ ಕೊನೆಯೇ ಇಲ್ಲದ್ದು. ಇಂಗ್ಲಿಷಿನಲ್ಲಿ ಇವು ಮೂರು ಬೇರೆ ಪದಗಳು: ಡೈಲಿ, ಪರ್ಪೆಚುಯಲ್, ಎಟರ್ನಲ್. ಇದು ಕನ್ನಡದ ಬಡತನವೆಂದು ದೂರುವವರನ್ನು ನಾನು ಕೇಳಿದ್ದೇನೆ. ಒಪ್ಪಲಾರೆ. ಹಳೆಯ ಒಡಂಬಡಿಕೆಯ ಹೀಬ್ರೂ ಪದ ‘ತಾಮೀದ್’ ಇದೇ ಗುಣದ್ದು. ವಿಮೋಚನಾಕಾಂಡದ 27ನೆಯ ಅಧ್ಯಾಯದಲ್ಲಿ ದೇವದರ್ಶನದ ಗುಡಾರದಲ್ಲಿ ದೀಪ ‘ತಾಮೀದ್’ ಉರಿಯಬೇಕೆಂಬ ವಿಧಿಯಿದೆ. ಮುಂದಿನ ವಚನವೇ ಅದನ್ನು ಸಂಜೆಯಿಂದ ಬೆಳಗಿನವರೆಗೆ ನೋಡಿಕೊಳ್ಳಬೇಕೆನ್ನುತ್ತದೆ. 29ನೆಯ ಅಧ್ಯಾಯದಲ್ಲಿ ದಿನಕ್ಕೆ ಎರಡು ಬಾರಿ, ಬೆಳಗ್ಗೆ ಮತ್ತು ಸಂಜೆ, ಅರ್ಪಿಸುವ ಬಲಿಯೂ ‘ತಾಮೀದ್’. ದಿನದಿನವೂ ತಪ್ಪದೆ ನಡೆದದ್ದೇ ನಿಲ್ಲದ್ದು ಎಂಬ ಭಾವ ಆ ಪದದಲ್ಲಿದೆ. ‘ನಿತ್ಯ’ದಲ್ಲಿಯೂ ಅದೇ ಇದೆ.

ಇದರ ಬಂಧುವಾದ ನಮ್ಮ ‘ನಂದಾದೀಪ’ ಇನ್ನೂ ಚೆಲುವಾದದ್ದು. ನಂದು ಎಂದರೆ ಆರು. ಆರದ ದೀಪ ನಂದಾದೀಪ. ದೇಗುಲಗಳ ನಂದಾದೀವಿಗೆಗೆ ದತ್ತಿ ಬಿಟ್ಟ ಸಂಗತಿ ಕರ್ನಾಟಕದ ಶಾಸನಗಳಲ್ಲಿ ಹೇರಳ. ದೀಪ ತಾನಾಗಿ ಉರಿಯದು, ಎಣ್ಣೆ ಹೊಯ್ಯುವವರು ಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು. ಆ ದತ್ತಿ ‘ಆಚಂದ್ರಾರ್ಕ’ವಾಗಿ, ಅಂದರೆ ಚಂದ್ರ ಸೂರ್ಯರಿರುವ ತನಕ, ನಡೆಯಲೆಂದು ಬರೆಸುತ್ತಿದ್ದರು. ನಮ್ಮ ದೇವಾಲಯಗಳಲ್ಲಿ ಪರಮಪ್ರಸಾದ ಪೆಟ್ಟಿಗೆಯ ಮುಂದೆ ಉರಿಯುವ ದೀಪದ ವಿಷಯದಲ್ಲಿ 1983ರ ಧರ್ಮಸಭೆಯ ಕಾನೂನುಸಂಹಿತೆ, 940ನೆಯ ನಿಯಮದಲ್ಲಿ, ಬಳಸುವ ಲತೀನ್ ಪದ ‘ಪೆರೆನ್ನಿತೆರ್’: ವರ್ಷವಿಡೀ. ಇಂಗ್ಲಿಷಿನ ‘ಪೆರೆನಿಯಲ್’ ಅದರದೇ ಮನೆತನದ್ದು. ಬೇಸಿಗೆಯಲ್ಲಿಯೂ ಬತ್ತದ ನದಿಗೆ ಇಂಗ್ಲಿಷಿನವರು ಆ ವಿಶೇಷಣ ಹಚ್ಚಿದರೆ ನಾವು ಜೀವನದಿ ಎನ್ನುತ್ತೇವೆ. ಅವರು ತಿಂಗಳು ಎಣಿಸಿದರು, ನಾವು ಉಸಿರು ನೋಡಿದೆವು. ಯಕೋಬನ ಬಾವಿಯ ಬಳಿ ಸಮಾರಿಯದ ಮಹಿಳೆ ಜೀವಜಲ ಎಂಬ ಮಾತನ್ನು ಮೊದಲು ಹರಿಯುವ ನೀರೆಂದೇ ತಿಳಿದಳು. ಗುಂಡ್ಲುಹೊಳೆ ಒಣಗಿದ ವರ್ಷಗಳನ್ನು ಕಂಡವರಿಗೆ ಆಕೆಯ ಆಸೆ ವಿವರಿಸಬೇಕಾಗಿಲ್ಲ.

ಆಚಂದ್ರಾರ್ಕದ ಮಾತು ಬಂದುದರಿಂದ ಇನ್ನೊಂದು ಭೇದವನ್ನು ಹೇಳಿಬಿಡಬೇಕು. ಆರನೆಯ ಶತಮಾನದ ಆರಂಭದಲ್ಲಿ, ಸೆರೆಮನೆಯಲ್ಲಿ ಮರಣದಂಡನೆಯನ್ನು ಎದುರುನೋಡುತ್ತ ಬರೆದ ಬೊಯೇಥಿಯಸ್ ಎಂಬ ರೋಮನ್ ಚಿಂತಕ ಲೋಕವನ್ನು ‘ಪೆರ್ಪೆತುಉಮ್’ ಎಂದೂ ದೇವರನ್ನು ಮಾತ್ರ ‘ಎತೆರ್ನುಮ್’ ಎಂದೂ ಕರೆಯಬೇಕೆನ್ನುತ್ತಾನೆ. ಕಾಲದಲ್ಲಿ ಮುಂದುವರಿಯುತ್ತಲೇ ಹೋಗುವುದು ಮೊದಲನೆಯದು. ಹಿಂದು ಮುಂದುಗಳಿಲ್ಲದೆ ಬಾಳನ್ನೆಲ್ಲ ಒಮ್ಮೆಗೇ ಹೊಂದಿರುವುದು ಎರಡನೆಯದು. ರೋಮಿನಲ್ಲಿ ಸಂತ ಅಲ್ಫೋನ್ಸರ ದೇವಾಲಯದಲ್ಲಿ 1866ರಲ್ಲಿ ಪ್ರತಿಷ್ಠಾಪಿತವಾದ ಮಾತೆಯ ಚಿತ್ರಕ್ಕೆ ಇರುವ ಹೆಸರಿನಲ್ಲಿ ಈ ಮೊದಲನೆಯ ಪದವೇ ಇದೆ. ಮಾತೆಯ ನೆರವು ನಮ್ಮ ಕಾಲದೊಳಗೆ, ಬುಧವಾರದಿಂದ ಬುಧವಾರಕ್ಕೆ, ಬರುವಂಥದು. ತಮಿಳರು ಆಕೆಯನ್ನು ‘ಸದಾ ಸಹಾಯ ಮಾತೆ’ ಎಂದೂ ‘ಇಡೈವಿಡಾ ಸಹಾಯ ಮಾತೆ’ ಎಂದೂ ಕರೆಯುತ್ತಾರೆ. ನಮ್ಮ ಎಡೆಬಿಡದ ಪದವೇ ಅದು! ಜಿಲ್ಲೆಯ ಆ ತುದಿಯ ಮಾರ್ಟಳ್ಳಿಯಲ್ಲಿ ತಮಿಳು ಮಾತನಾಡುವ ಕಥೋಲಿಕರಿದ್ದಾರೆ. ಪೌಲರ ಪದ ಅಲ್ಲಿನ ತಾಯಂದಿರ ಬಾಯಲ್ಲಿ ಮಾತೆಯ ಹೆಸರಾಗಿಬಿಟ್ಟಿದೆ.

ನನಗೆ ನಿಜವಾದ ಆಕ್ಷೇಪವಿರುವುದು ‘ಶಾಶ್ವತ’ದ ಬಗ್ಗೆ. ಈ ಪದವನ್ನು ನಾವು ಸವೆಸಿಬಿಟ್ಟಿದ್ದೇವೆ. ನೀರಿನ ಯೋಜನೆಯ ಫಲಕದಲ್ಲಿಯೂ ಶಾಶ್ವತ, ರಸ್ತೆ ಗುಂಡಿಯ ಪರಿಹಾರದಲ್ಲಿಯೂ ಶಾಶ್ವತ. ಅದು ಹೋಗಲಿ. ಅಗಲಿದವರ ನೆನಪಿನ ಕಾರ್ಡುಗಳಲ್ಲಿ ‘ಶಾಶ್ವತ ನಿದ್ರೆ’ ಎಂದು ಅಚ್ಚು ಹಾಕಿಸುವುದು ಮಾತ್ರ ಕೇವಲ ಭಾಷೆಯ ದೋಷವಲ್ಲ. ನಿದ್ರೆ ಶಾಶ್ವತವಾದರೆ ಪುನರುತ್ಥಾನವೆಲ್ಲಿ? ಕಾರ್ಡಿನ ಮೇಲ್ಭಾಗದಲ್ಲಿ ನಿತ್ಯಜೀವ, ಕೆಳಭಾಗದಲ್ಲಿ ಎಂದೂ ಮುಗಿಯದ ನಿದ್ರೆ. ಓದುವವರು ಯಾವುದನ್ನು ನಂಬಬೇಕು? ಅದೇ ಜಾಗದಲ್ಲಿ ಕೆಲವರು ಬರೆಸುವ ‘ಚಿರನಿದ್ರೆ’ಯನ್ನು ನಾನು ಹಿಂದೆ ಹಗುರವಾಗಿ ಕಂಡಿದ್ದೆ. ಈಗ ಅದೇ ಸರಿ ಎನ್ನಿಸಿದೆ. ‘ಚಿರ’ ಎಂದರೆ ದೀರ್ಘ, ಅಷ್ಟೇ. ಮದುವೆಯ ಕರೆಯೋಲೆಯಲ್ಲಿ ಹುಡುಗನ ಹೆಸರಿನ ಹಿಂದೆ ‘ಚಿ.’ ಎಂದು ಹಾಕುವಾಗ ಅವನು ಸಾಯುವುದೇ ಇಲ್ಲವೆಂದು ಯಾರೂ ಭಾವಿಸುವುದಿಲ್ಲ, ಬಹುಕಾಲ ಬಾಳಲಿ ಎಂದು ಹರಸುತ್ತೇವೆ. ಹಾಗೆಯೇ ಚಿರನಿದ್ರೆ ದೀರ್ಘವಾದರೂ ಎಚ್ಚರವಾಗುವ ನಿದ್ರೆ. ಸಮಾಧಿಭೂಮಿಗೆ ಇಂಗ್ಲಿಷಿನವರು ಹೇಳುವ ಸಿಮೆಟ್ರಿ ಎಂಬ ಪದವೂ ಮಲಗುವ ಸ್ಥಳ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು.

ಬೇಗೂರಿನ ಆ ಮನೆಯ ಗೋಡೆಯ ಮೇಲೆ ಅಜ್ಜಿಯ ಭಾವಚಿತ್ರದ ಕೆಳಗೆ ಇಂಥದೇ ಒಂದು ಕಾರ್ಡು ಇತ್ತು. ಪೌಲರ ಪದವನ್ನು ನಾನು ಬಿಡಿಸಿ ಹೇಳಿದ ಮೇಲೆ ತಾಯಿ ಎದ್ದುಹೋಗಿ ಅದನ್ನು ಓದಿದರು. ಬರುವ ನವೆಂಬರಿನಲ್ಲಿ, ಮೃತರ ತಿಂಗಳಲ್ಲಿ, ಹೊಸದನ್ನು ಅಚ್ಚು ಹಾಕಿಸುವುದಿದೆಯೆಂದೂ ಯಾವ ಪದ ಹಾಕಿಸಲೆಂದೂ ಕೇಳಿದರು. ಬರೆದುಕೊಟ್ಟು ಬಂದೆ.