ಗೆರಟೆಯ ನೀರು ಮತ್ತು ಮೂರು ಅಂಶಗಳ ಪ್ರಸಂಗ

ನನ್ನ ಮುಂದೆ 200 ಪುಟದ ಒಂದು ನೋಟುಪುಸ್ತಕ ಉಂಟು. ಬರೆದವನು ಪಡುಬಿದ್ರಿಯಲ್ಲಿ ನನ್ನ ಪಕ್ಕದ ಮನೆಯವ, ನನ್ನದೇ ವಯಸ್ಸಿನವ. ನಡ್ಸಾಲಿನ ದಾರಿಯಲ್ಲಿ ಒಂದೇ ಕೊಡೆಯಡಿ ಶಾಲೆಗೆ ಹೋದವರು ನಾವು. ಎರಡೂ ಮನೆಗಳಲ್ಲಿ ಡಿಗ್ರಿಯವರೆಗೆ ಓದಿದ ಮೊದಲಿಗರು ನಾವೇ. ನಾನು ಪದ್ಯ ಬರೆಯಲಿಕ್ಕೆ ಹೊರಟೆ, ಅವನು ಸಭಾಪಾಲಕನಾದ. ಹೊಸ ಸಭಾಪಾಲಕರಿಗೆಂದು ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಘಟ್ಟದ ಮೇಲಿನ ಊರೊಂದರಲ್ಲಿ 28 ದಿವಸದ ಸೇವಾ ತರಬೇತಿ ನಡೆಯಿತು. ಮುಗಿಸಿ ಬಂದವನು ಈ ಪುಸ್ತಕ ನನ್ನ ಕೈಗಿಟ್ಟು, "ನೀನು ಎಲ್ಲರ ಪುಸ್ತಕಕ್ಕೂ ವಿಮರ್ಶೆ ಬರೀತೀಯಲ್ಲ ಮಾರಾಯ, ಇದಕ್ಕೂ ಒಂದು ಬರಿ" ಅಂದ. ಅವನು ಹೇಳಿದ್ದು ತಮಾಷೆಗೆ. ನಾನು ಓದಿದ್ದು ತಮಾಷೆಯಾಗಿ ಅಲ್ಲ.

ಕತೆ, ಕವಿತೆ, ಕಾದಂಬರಿ ಮಾತ್ರ ಸಾಹಿತ್ಯ ಅಂತ ನಂಬಿಕೊಂಡ ವಿಮರ್ಶಕರಿಗೆ ಇದು ಹುಚ್ಚಾಗಿ ಕಾಣಬಹುದು. ಆದರೆ ನಮ್ಮ ಕರಾವಳಿಯಲ್ಲಿ 'ಪ್ರಸಂಗ' ಅನ್ನುವ ಶಬ್ದಕ್ಕೆ ಎರಡು ಮನೆ ಉಂಟು. ಒಂದು ಯಕ್ಷಗಾನದ ಪ್ರಸಂಗ, ಇನ್ನೊಂದು ಇಗರ್ಜಿಯ ಪ್ರಸಂಗ. ಆಟದ ಪ್ರಸಂಗದ ಬಗ್ಗೆ, ಅರ್ಥಗಾರಿಕೆಯ ಬಗ್ಗೆ ಪಂಡಿತರು ಪುಟಗಟ್ಟಲೆ ಬರೆದಿದ್ದಾರೆ. ಪ್ರತಿ ಆದಿತ್ಯವಾರ ಬಡವರು, ಕೂಲಿಯವರು, ಹೆಂಗಸರು ಬೆಂಚಿನಲ್ಲಿ ಕೂತು ಅರ್ಧ ಗಂಟೆ ಕೇಳುವ ಕನ್ನಡ ಗದ್ಯದ ಬಗ್ಗೆ ಯಾರೂ ಗಂಭೀರವಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ನಮ್ಮ ಜನರ ಮೇಲೆ ಇಷ್ಟು ಹಿಡಿತ ಇರುವ ಮಾತನ್ನು ಯಾರು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ, ಕಲಿಸುವಾಗ ಏನನ್ನು ಹೊರಗಿಡುತ್ತಾರೆ ಅನ್ನೋದು ಬಂಡಾಯದ ಪ್ರಶ್ನೆ ಆಗಬೇಡವೇ?

ಪುಸ್ತಕದ ಮೊದಲ ಪುಟದಲ್ಲಿ ವೇಳಾಪಟ್ಟಿ. ಬೆಳಿಗ್ಗೆ 5.30ಕ್ಕೆ ಪ್ರಾರ್ಥನೆ. ಆಮೇಲೆ ವೇದಾಧ್ಯಯನ, ಪ್ರಸಂಗ ಮಾಡುವ ವಿಧಾನ, ಸಭೆಯ ಲೆಕ್ಕಪತ್ರ, ಆಸ್ತಿಯ ಕಾಗದಪತ್ರ, ಇಂಗ್ಲಿಷ್, ಗಿಟಾರು. ಸಂಜೆ ಮನೆಭೇಟಿ. ಇದರಲ್ಲಿ ಬೇಡದ್ದು ಯಾವುದೂ ಇಲ್ಲ. ಲೆಕ್ಕ ಬಾರದ ಪಾಲಕನನ್ನು ಕಮಿಟಿಯವರು ಒಂದೇ ವರ್ಷದಲ್ಲಿ ತಿಂದುಹಾಕುತ್ತಾರೆ. ಗೆಳೆಯ ಶ್ರದ್ಧೆಯಿಂದ ಬರೆದುಕೊಂಡಿದ್ದಾನೆ. ಮುದ್ದಾದ ಅಕ್ಷರ, ಶೀರ್ಷಿಕೆಗಳಿಗೆಲ್ಲ ಕೆಂಪು ಗೆರೆ. ಮೊದಲ ತಲೆಮಾರಿನಲ್ಲಿ ಓದಿದವರ ಭಯ ಮತ್ತು ಆಸೆ ಎರಡೂ ಆ ಅಕ್ಷರಗಳಲ್ಲಿ ಕಾಣುತ್ತದೆ. ನನ್ನ ನೋಟುಪುಸ್ತಕಗಳೂ ಹೀಗೇ ಇದ್ದವು.

ಒಂಬತ್ತನೆಯ ದಿವಸ ಪ್ರಸಂಗದ ಪಾಠ. ಪ್ರಸಂಗಕ್ಕೆ ಮೂರು ಅಂಶ ಬೇಕು. ಮೂರೂ ಒಂದೇ ಅಕ್ಷರದಿಂದ ಸುರುವಾದರೆ ಕೇಳುವವರಿಗೆ ನೆನಪಿರುತ್ತದೆ. ಪ್ರತಿ ಅಂಶಕ್ಕೂ ಒಂದು ದೃಷ್ಟಾಂತ ಬೇಕು. ಅಭ್ಯಾಸಕ್ಕೆಂದು ಅವನಿಗೆ ಸಿಕ್ಕಿದ್ದು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ, ಬಾವಿಯ ಹತ್ತಿರ ಸಮಾರ್ಯದ ಹೆಂಗಸು. ಅವನ ಮೂರು ಅಂಶಗಳು: ಬಾಯಾರಿಕೆ, ಬಾವಿ, ಬದಲಾವಣೆ. ದೃಷ್ಟಾಂತಕ್ಕೆ ಮರುಭೂಮಿಯಲ್ಲಿ ದಾರಿ ತಪ್ಪಿದ ಒಬ್ಬ ಪ್ರಯಾಣಿಕ. ಅದರ ಕೆಳಗೆ ಕಲಿಸಿದವರ ಶಾಯಿ: "ಧ್ವನಿ ಚೆನ್ನಾಗಿದೆ. ದೃಷ್ಟಾಂತ ಒಳ್ಳೆಯದಿದೆ. ಉಚ್ಚಾರದಲ್ಲಿ ತುಳು ಕಾಣುತ್ತದೆ, ತಿದ್ದಿಕೊಳ್ಳಿ. 7/10."

ಅದೇ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಕ್ಕೆ ಬರೆದದ್ದು ಹೀಗಿದೆ: "ಅಜ್ಜಿ. ಗೆರಟೆ. ಗುತ್ತಿನ ಮನೆ ಅಂಗಳ. ಹೇಳುವುದಾ ಬೇಡವಾ?"

ಇಡೀ ಪುಸ್ತಕದಲ್ಲಿ ಸಾಹಿತ್ಯ ಅಂತ ಸುರುವಾಗುವುದು ಇಲ್ಲಿ, ಈ ಅಂಚಿನಲ್ಲಿ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಹೊಯ್ಯುವ ಊರಿನ ಹುಡುಗ ಬಾಯಾರಿಕೆಗೆ ದೃಷ್ಟಾಂತ ಹುಡುಕಿಕೊಂಡು ಮರುಭೂಮಿಗೆ ಯಾಕೆ ಹೋದ? ಅಲ್ಲಿ ಅವನಿಗೆ ಯಾರ ಗುರ್ತವೂ ಇಲ್ಲ. ನಮ್ಮ ಹಿರಿಯರಿಗೆ ಕೊರತೆಯಾದದ್ದು ನೀರಲ್ಲ, ಬಾವಿಯ ಹಗ್ಗ ಮುಟ್ಟುವ ಹಕ್ಕು. 1955ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಕಾಯ್ದೆ ಬಂದ ಮೇಲೂ ಇವನ ಅಜ್ಜಿ ಗದ್ದೆ ಕೆಲಸದ ನಡುವೆ ಅಂಗಳದ ಬದಿಯಲ್ಲಿ ನಿಂತು, ಮೇಲಿನಿಂದ ಹೊಯ್ದ ನೀರನ್ನು ತೆಂಗಿನ ಗೆರಟೆಯಲ್ಲಿ ಹಿಡಿದು ಕುಡಿದವರು. ಸುವಾರ್ತೆಯ ಕತೆಯಲ್ಲೂ ವಿಷಯ ಪಾತ್ರೆಯದ್ದೇ. ಯೇಸುವಿನ ಕೈಯಲ್ಲಿ ಸೇದಲಿಕ್ಕೆ ಏನೂ ಇರಲಿಲ್ಲ. ಅವಳ ಕೊಡದ ನೀರನ್ನೇ ಅವನು ಕೇಳಿದ. ಮುಟ್ಟಬಾರದವಳ ಪಾತ್ರೆಯಲ್ಲಿ ಕುಡಿಯಲಿಕ್ಕೆ ಕೇಳಿದ್ದಕ್ಕೇ ಅವಳಿಗೆ ಆಶ್ಚರ್ಯ ಆದದ್ದು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಇಳಿದು ಅಂಬೇಡ್ಕರ್ ಬೊಗಸೆಯಲ್ಲಿ ನೀರೆತ್ತಿದ್ದೂ ಇದೇ ಕತೆಯ ಮುಂದಿನ ಅಧ್ಯಾಯ. 'ಬಾಯಾರಿಕೆ, ಬಾವಿ, ಬದಲಾವಣೆ' ಅಂತ ಪ್ರಾಸ ಹೊಂದಿಸುವ ಗಡಿಬಿಡಿಯಲ್ಲಿ ಪಾತ್ರೆಯೇ ಬಿದ್ದುಹೋಯಿತು.

ಹದಿನೇಳನೆಯ ದಿವಸದ ಇನ್ನೊಂದು ಟಿಪ್ಪಣಿ ನೋಡಿ. ಮನೆಭೇಟಿಗೆ ಮೂವರನ್ನು ಒಂದು ಕೇರಿಗೆ ಕಳಿಸಿದ್ದರು. ಒಬ್ಬ ಹೆಂಗಸು ಸ್ಟೀಲು ಗ್ಲಾಸಿನಲ್ಲಿ ನೀರು ತಂದು ಕೊಟ್ಟಳು. ಜೊತೆಗಿದ್ದ ಇಬ್ಬರು "ಈಗಷ್ಟೆ ಕುಡಿದು ಬಂದೆವು" ಅಂದರಂತೆ. ಇವನು ಬರೆದದ್ದು ಎರಡೇ ಶಬ್ದ: "ನಾನು ಕುಡಿದೆ." ಕೋಪ ಇಲ್ಲ, ವಿಶೇಷಣ ಇಲ್ಲ. ಇಗರ್ಜಿಯ ಒಳಗೆ ಜಾತಿ ಇಲ್ಲ ಅಂತ ಹೇಳುವವರ ಎಲ್ಲ ಮಾತನ್ನೂ ಈ ಎರಡು ಶಬ್ದ ಸುಳ್ಳು ಮಾಡುತ್ತದೆ. ನಾನು ಇಷ್ಟು ವರ್ಷ ಬರೆದ ಪದ್ಯಗಳಲ್ಲಿ ಇಂಥ ಒಂದು ಸಾಲಿದೆಯೋ ಅಂತ ಹುಡುಕಿದೆ. ಸಿಗಲಿಲ್ಲ.

ತರಬೇತಿ ಅನ್ನುವುದು ನಮ್ಮ ಕರಾವಳಿಗೆ ಹೊಸತಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1844ರಲ್ಲಿ ಕ್ರೈಸ್ತನಾದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಸ್ವಿಟ್ಜರ್‌ಲೆಂಡಿನ ಬಾಸೆಲ್‌ವರೆಗೆ ಹೋಗಿ ಕಲಿತು, 1851ರಲ್ಲಿ ಪಾದ್ರಿಯಾಗಿ ವಾಪಸು ಬಂದ. ಆಮೇಲೆ ಕೊಡಗಿನಲ್ಲಿ ಹೊಲೆಯರಿಗಾಗಿ ಆನಂದಪುರ ಅನ್ನುವ ನೆಲೆ ಕಟ್ಟಿದ. ಓದಲಿಕ್ಕೆ ಬಾಸೆಲ್‌ವರೆಗೆ ಹೋದದ್ದು ಬ್ರಾಹ್ಮಣನ ಮಗ, ಉದ್ಧಾರ ಆಗಬೇಕಾದವರು ಹೊಲೆಯರು. ಈ ಏರ್ಪಾಡಿನಲ್ಲಿ ಕರುಣೆ ಇತ್ತು, ಇಲ್ಲ ಅನ್ನಲಾರೆ. ಆದರೆ ಮಾತು ಒಬ್ಬರದ್ದು, ಕಿವಿ ಇನ್ನೊಬ್ಬರದ್ದು ಅನ್ನುವ ಕ್ರಮ ಅಲ್ಲೇ ಬೇರು ಬಿಟ್ಟಿತು.

ಹಾಗಂತ ಮಿಶನ್ನಿನವರನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಲಿಕ್ಕೂ ಆಗುವುದಿಲ್ಲ. ಅವರು ಮೊದಲು ಕೂತು ಭಾಷೆ ಕಲಿತರು. ತುಳುವಿನಲ್ಲಿ ಹೊಸ ಒಡಂಬಡಿಕೆ 1847ಕ್ಕೇ ಅಚ್ಚಾಯಿತು. 1886ರಲ್ಲಿ ಮ್ಯಾನರ್ ತುಳು ನಿಘಂಟು ತಂದ. ಭೂತಾರಾಧನೆಯನ್ನು ಸೈತಾನನ ಕೆಲಸ ಅಂತ ಬೈಯುತ್ತಿದ್ದ ಅದೇ ಮಿಶನ್ನಿನ ಅಚ್ಚುಕೂಟದಿಂದ ಅದೇ ವರ್ಷ ಪಾಡ್ದನಗಳ ಪುಸ್ತಕವೂ ಹೊರಗೆ ಬಂತು. ಅಲ್ಲಗಳೆಯಲಿಕ್ಕಾದರೂ ಅವರು ಕೇಳಿಸಿಕೊಂಡರು. ನೇಜಿ ನೆಡುವ ಹೆಂಗಸರ ಬಾಯಿಯ ಹಾಡು ಅಕ್ಷರಕ್ಕೆ ಬಂತು. ಈಗಿನ ತರಬೇತಿಯಲ್ಲಿ ತುಳು ಒಂದು ಉಚ್ಚಾರ ದೋಷ. ಪರದೇಶದವ ಕಷ್ಟಪಟ್ಟು ಕಲಿತ ಭಾಷೆಯನ್ನು ಮನೆಯ ಮಗನ ನಾಲಗೆಯಿಂದ ಉಜ್ಜಿ ತೆಗೆಯುವುದಕ್ಕೆ 28 ದಿವಸ.

ಪುಸ್ತಕದಲ್ಲಿ ಇಲ್ಲದ್ದು ಇನ್ನೂ ಉಂಟು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಶೂದ್ರ ದೇವಶಾಸ್ತ್ರದ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ದಲಿತ ದೇವಶಾಸ್ತ್ರ ಅಂತ ಇವತ್ತು ಜಗತ್ತು ಓದುವ ವಿಚಾರಕ್ಕೆ ಹಾದಿಯಾದದ್ದು ಅದು. ಗುಲಾಮರಾಗಿದ್ದ ಹಿರಿಯರನ್ನು ನೆನೆದು ಇಸ್ರಾಯೇಲ್ಯರು ಒಪ್ಪಿಸುವ ಹಳೇ ಒಡಂಬಡಿಕೆಯ ಅರಿಕೆಯನ್ನು ಅವರು ದಲಿತನ ಬಾಯಿಗೆ ಕೊಟ್ಟರು. ನಮ್ಮ ನಾಡಿನಲ್ಲಿ, ಬಂಡಾಯ ಸಂಘಟನೆ ಹುಟ್ಟಿದ 1979ರ ಹಿಂದುಮುಂದಿನ ಕಾಲದಲ್ಲೇ ನಡೆದ ಮಾತು ಇದು. ಆ ಹೆಸರು ಈ ಪುಸ್ತಕದ ಒಂದು ಪುಟದಲ್ಲೂ ಇಲ್ಲ. ನಾಚಿಕೆಯ ಮಾತೆಂದರೆ ನಮ್ಮ ಬಂಡಾಯದ ಗೆಳೆಯರಲ್ಲೂ ಆ ಹೆಸರು ಕೇಳಿದವರು ಕಡಿಮೆ.

ಆಸ್ತಿಯ ಕಾಗದಪತ್ರಕ್ಕೆ ಹನ್ನೊಂದು ಪುಟ ಖರ್ಚಾಗಿದೆ. ಜನರ ಕಾಗದಪತ್ರಕ್ಕೆ ಒಂದು ಸಾಲೂ ಇಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಪಟ್ಟಿ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ದಲಿತ ಕ್ರೈಸ್ತನನ್ನು ಹೊರಗೇ ನಿಲ್ಲಿಸಿದ್ದಾರೆ. ಬಾವಿಕಟ್ಟೆಯಲ್ಲಿ ಅವನು ದಲಿತ, ತಾಲೂಕು ಕಚೇರಿಯ ಕಿಟಕಿಯಲ್ಲಿ ದಲಿತ ಅಲ್ಲ. ಸ್ನಾನ ಮಾಡಿಸುವ ಪಾಲಕನಿಗೆ ಇದು ಗೊತ್ತಿರಬೇಡವೇ? ನಾಳೆ ಸಭೆಯ ಹುಡುಗಿಯೊಬ್ಬಳು ಸ್ಕಾಲರ್‌ಶಿಪ್ಪಿನ ಅರ್ಜಿ ಹಿಡಿದು ಬಂದರೆ ಮೂರು ಅಂಶಗಳಲ್ಲಿ ಯಾವುದನ್ನು ಹೇಳಿ ಕಳಿಸುತ್ತಾನೆ?

ಜೂನಿನಲ್ಲಿ ಅವನ ಮೊದಲ ಪ್ರಸಂಗ. ಕರಾವಳಿಯದ್ದೇ ಒಂದು ಸಣ್ಣ ಸಭೆ. ನಾನು ಕಡೆಯ ಬೆಂಚಿನಲ್ಲಿ ಕೂತಿದ್ದೆ. ಅದೇ ಯೋಹಾನ, ಅದೇ ನಾಲ್ಕನೆಯ ಅಧ್ಯಾಯ. ಪುಸ್ತಕದ ಕನ್ನಡದಲ್ಲಿ ಸುರು ಮಾಡಿದವನು ನಡುವೆ ನಿಂತ. ನೀರು ಕುಡಿದ. ಆಮೇಲೆ ತುಳುವಿನಲ್ಲಿ ಅಜ್ಜಿಯ ವಿಷಯ ಹೇಳಿದ. ಅವರಿಗೆ ಕೊಡುತ್ತಿದ್ದದ್ದು ಕಣ್ಣಿರುವ ಬದಿಯ ಗೆರಟೆಯಂತೆ. ಅದರ ಕಣ್ಣು ತೂತಾಗಿತ್ತು. ಅಡಿಯಿಂದ ಬೆರಳು ಒತ್ತಿ ತೂತು ಮುಚ್ಚಿಕೊಂಡು ಕುಡಿಯಬೇಕಿತ್ತು. ಸಭೆ ಗಪ್ ಆಯಿತು. ನನ್ನ ಎದುರಿನ ಬೆಂಚಿನ ಒಬ್ಬ ಮುದುಕಿ ತನ್ನ ಬಲಗೈಯ ಬೆರಳು ನೋಡಿಕೊಂಡರು. ಮುಂದಿನ ಸಾಲಿನ ಇಬ್ಬರು ದೊಡ್ಡವರು ಕತ್ತು ಬಗ್ಗಿಸಿ ವೇದಪುಸ್ತಕದ ಹಾಳೆ ಮಗುಚಿದರು.

ಅಷ್ಟಕ್ಕೆ ಬಿಟ್ಟಿದ್ದರೆ ನಾನು ಈ ಲೇಖನವನ್ನು ಬರೀ ಹೊಗಳಿ ಮುಗಿಸುತ್ತಿದ್ದೆ. ಆದರೆ ಅವನು ಕನ್ನಡಕ್ಕೆ ವಾಪಸು ಬಂದು, "ಪ್ರಿಯರೇ, ನಮ್ಮ ಹೃದಯವೂ ತೂತಾದ ಗೆರಟೆಯ ಹಾಗೆ" ಅಂದ. ತರಬೇತಿ ಗೆದ್ದದ್ದು ಅಲ್ಲಿ. ತೂತು ಇದ್ದದ್ದು ಅಜ್ಜಿಯ ಹೃದಯದಲ್ಲಿ ಅಲ್ಲ. ಕಾಯಿ ಒಡೆದು ಒಳ್ಳೆ ಪಾಲು ಒಳಗಿಟ್ಟುಕೊಂಡು, ತೂತಿನ ಪಾಲು ಅಂಗಳಕ್ಕೆ ಎಸೆದವನ ಲೆಕ್ಕದಲ್ಲಿ ಅದು ಬರೆಯಬೇಕಾದದ್ದು. ಒಂದು ಉಪಮೆಯಲ್ಲಿ ತಪ್ಪು ಮಾಡಿದವನು ಮಾಯವಾದ, ಕುಡಿದವಳು ಪಾಪಿಯಾದಳು. ದೃಷ್ಟಾಂತ ಅನ್ನುವ ತಂತ್ರದ ಅಪಾಯ ಇದು. ಬಡವರ ಬದುಕನ್ನು ಎತ್ತಿಕೊಳ್ಳುತ್ತದೆ, ನೀತಿಯನ್ನು ಹಿಂಡಿಕೊಳ್ಳುತ್ತದೆ, ಸಿಪ್ಪೆಯನ್ನು ಅಲ್ಲೇ ಬಿಡುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ಇದನ್ನೇ ಹೇಳಿದೆ. ಹೆಜಮಾಡಿ ದಾಟುವವರೆಗೆ ಅವನು ಮಾತಾಡಲಿಲ್ಲ. ಆಮೇಲೆ, "ನೀನು ಎಂತ ಮಾಡಿದ್ದಿ? ಅದೇ ಗೆರಟೆಯನ್ನು ನೀನು ಚಂದ್ರ ಮಾಡಲಿಲ್ವಾ?" ಅಂತ ಕೇಳಿದ.

ಹೌದು. ನನ್ನ ಒಂದು ಪದ್ಯದಲ್ಲಿ ಗೆರಟೆ ಉಂಟು. ಕೇರಿಯ ಮೇಲೆ ತೂಗುವ ಅರ್ಧ ಚಂದ್ರ ಆಗಿ. ಒಂದು ಕವಿಗೋಷ್ಠಿಯಲ್ಲಿ ಚಪ್ಪಾಳೆ ಬಿದ್ದಿತ್ತು. ನವ್ಯರ ಪ್ರತಿಮೆಗಳ ಗೀಳನ್ನು ಬೈದುಕೊಂಡೇ ಬೆಳೆದವರು ನಾವು. ಆದರೆ ಅಜ್ಜಿಯ ಕೈಯಿಂದ ಗೆರಟೆ ಕಿತ್ತು ಆಕಾಶಕ್ಕೆ ಎಸೆದದ್ದು ನಾನೂ ಹೌದು. ಇಗರ್ಜಿಯ ದೃಷ್ಟಾಂತಕ್ಕೂ ನಮ್ಮ ಪ್ರತಿಮೆಗೂ ಎಷ್ಟು ದೂರ? ಬೆಂಕಿ, ಕತ್ತಿ, ನೆತ್ತರು ಅಂತ ನಾವೂ ಒಂದೇ ಅಕ್ಷರದ ಮೂರು ಅಂಶಗಳ ಹಾಗೆ ಜೋಡಿಸಿಕೊಂಡು ಕೂತಿದ್ದೇವೆ. ಶಿಬಿರಗಳನ್ನು ನಾವೂ ಮಾಡುತ್ತೇವೆ. ಅಲ್ಲಿ ಭಾಷಣ ಮಾಡುವುದನ್ನು ಕಲಿಸುತ್ತೇವೆ, ಕೇಳಿಸಿಕೊಳ್ಳುವುದನ್ನು ಯಾರು ಕಲಿಸುತ್ತಾರೆ?

ಆದ್ದರಿಂದ ಗೆಳೆಯರೇ, ಈ ಪುಸ್ತಕದ ಬಗ್ಗೆ ನನ್ನ ತೀರ್ಮಾನ ಇಷ್ಟು. ಶಾಯಿಯಲ್ಲಿ ಬರೆದದ್ದು ಕಲಿಸಿದವರದ್ದು, ಪೆನ್ಸಿಲಿನಲ್ಲಿ ಬರೆದದ್ದು ಅವನದ್ದು. ಇಂಥ ತರಬೇತಿ ನಡೆಸುವವರು ಮೊದಲ ವಾರ ಪ್ರಸಂಗ ಕಲಿಸುವುದು ಬೇಡ. ಹುಡುಗರನ್ನು ಅವರವರ ಮನೆಯ ಹಿರಿಯರ ಮುಂದೆ ಕೂರಿಸಲಿ, ಅವರ ಭಾಷೆಯಲ್ಲೇ ಹೇಳಿದ್ದನ್ನು ಹೇಳಿದ ಹಾಗೆ ಬರೆಸಲಿ, ಕೆಳಗೆ ನೀತಿ ಬರೆಯಬಾರದು ಅಂತ ಕಟ್ಟುನಿಟ್ಟು ಮಾಡಲಿ. ನಾವು ಪದ್ಯ ಬರೆಯುವವರೂ ಅದೇ ಬೆಂಚಿನಲ್ಲಿ ಕೂರಬೇಕು.

ಅವನ ಅಜ್ಜಿ ಈಗಲೂ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಾರೆ. ಪ್ರಸಂಗದ ವಿಷಯ ಮೊಮ್ಮಗ ಹೇಳಿದಾಗ ಅವರು ಕೇಳಿದ್ದು ಒಂದೇ: "ಆ ಮನೆಯವರ ಹೆಸರು ಹೇಳಿದೆಯಾ?"

ಅವನು ಹೇಳಿರಲಿಲ್ಲ. ನಾನೂ ಹೇಳಿಲ್ಲ. ಪುಸ್ತಕವನ್ನು ನಾಳೆ ವಾಪಸು ಕೊಡುತ್ತೇನೆ. ಕಡೆಯ ನಲವತ್ತೊಂದು ಪುಟ ಇನ್ನೂ ಖಾಲಿ ಉಂಟು.