ಮೂರು ಧ್ವನಿಗಳ ಗಾನ

ಬಾಲಕರ ಆಟಕ್ಕಾಗಿ ರಚಿತವಾದ ಸಂಗೀತವು ವಿಮರ್ಶೆಗೆ ಅರ್ಹವೇ ಎಂದು ಕೆಲವರು ಶಂಕಿಸುವರು. 1982ರಲ್ಲಿ ಹೊರಬಂದ ಕಮೊಡೋರ್ 64 ಎಂಬ ಗೃಹಗಣಕಯಂತ್ರದ ನಾದವನ್ನು ಕಿವಿಗೊಟ್ಟು ಕೇಳಿದವರಲ್ಲಿ ಈ ಶಂಕೆಯು ನಿಲ್ಲಲಾರದು. ಬಾಬ್ ಯಾನಿಸ್ ಎಂಬವರು ರೂಪಿಸಿದ ಅದರ ‘ಸಿಡ್’ ಚಿಪ್ಪಿಗೆ ಏಕಕಾಲದಲ್ಲಿ ಮೂರೇ ಧ್ವನಿಗಳು. ಅವುಗಳಲ್ಲಿಯೂ ಒಂದನ್ನು ಬಹುವೇಳೆ ಆಟದ ಸದ್ದುಗಳಿಗೆ ಬಿಟ್ಟುಕೊಡಬೇಕಾಗುತ್ತಿತ್ತು.

ಈ ದಾರಿದ್ರ್ಯವನ್ನು ರಚನಕಾರರು ಜಾಣ್ಮೆಯಿಂದ ಗೆದ್ದರು. ಕೂಡಿ ನುಡಿಯಬೇಕಾದ ಸ್ವರಗಳನ್ನು ಒಂದೇ ಧ್ವನಿಯಲ್ಲಿ ಒಂದಾದ ಮೇಲೊಂದರಂತೆ, ಯೂರೋಪಿನ ಯಂತ್ರಗಳಲ್ಲಿ ಸೆಕೆಂಡಿಗೆ ಸುಮಾರು 50 ಬಾರಿಯವರೆಗೆ ಬದಲಿಸಿದರು. ಬೀಸಿದ ಕೊಳ್ಳಿಯು ಅಲಾತಚಕ್ರವಾಗಿ ತೋರುವಂತೆ, ಬಿಡಿಸ್ವರಗಳು ಕಿವಿಗೆ ಒಂದೇ ಮೇಳವಾದುವು.

ಇಂಗ್ಲೆಂಡಿನ ರಾಬ್ ಹಬರ್ಡರು 1985ರಲ್ಲಿ ‘ಮಾಂಟಿ ಆನ್ ದಿ ರನ್’ ಆಟಕ್ಕೆ ರಚಿಸಿದ ಗೀತವು ಪ್ರಸಿದ್ಧವಾದುದು. ಅದರ ಆರಂಭದ ಓಟವು ಚಾರ್ಲ್ಸ್ ವಿಲಿಯಮ್ಸರ ‘ಡೆವಿಲ್ಸ್ ಗ್ಯಾಲಪ್’ ಕೃತಿಗೆ ಋಣಿಯಾಗಿದೆ. ಆದರೆ ಮುಂದೆ ಗಿಟಾರಿನಂತೆ ನುಡಿಯುವ ಭಾಗದಲ್ಲಿ ಸ್ವರಗಳು ನಮ್ಮ ಗಮಕಗಳಂತೆ ಜಾರಿ ಬಾಗುವುವು. ಅದು ಅವರ ಸ್ವಂತ ಸಂಪತ್ತು. ದೋಷವಿಲ್ಲವೆಂದಲ್ಲ, ಅಲಂಕಾರದ ಮೇಲೆ ಅಲಂಕಾರವನ್ನು ಹೇರಿ, ವಿಶ್ರಾಂತಿಸ್ಥಾನವನ್ನೇ ಮರೆತಿರುವರು. 1987ರ ‘ವಿಜ್‌ಬಾಲ್’ ಆಟಕ್ಕೆ ಮಾರ್ಟಿನ್ ಗಾಲ್ವೆ ಅವರು ರಚಿಸಿದ ಸಂಗೀತದಲ್ಲಿ ಆ ಸಂಯಮವುಂಟು.

2019ರಲ್ಲಿ ಹಲ್ ನಗರದಲ್ಲಿ ದೊಡ್ಡ ವಾದ್ಯವೃಂದವೊಂದು ಇಂಥ ಗೀತಗಳನ್ನು ನುಡಿಸಿತು. ಅದು ಗೌರವವೇ ಸರಿ. ಆದರೆ ಹತ್ತಾರು ವಾದ್ಯಗಳಿಗೆ ಸುಲಭವಾದುದನ್ನು ಮೂರೇ ಧ್ವನಿಗಳಿಂದ ಸಾಧಿಸಿದ ಔಚಿತ್ಯಪ್ರಜ್ಞೆಯು ಅಲ್ಲಿ ಮರೆಯಾಗುವುದು. ಈ ಕೃತಿಗಳ ಗುಣವನ್ನು ಅವುಗಳ ಮೂಲಯಂತ್ರದಲ್ಲಿಯೇ ಕೇಳಿ ನಿರ್ಣಯಿಸತಕ್ಕದ್ದು.