ಋಣಸ್ವೀಕಾರ: ನಾಟಕದಲ್ಲಿಯೂ ಚಲಚ್ಚಿತ್ರದಲ್ಲಿಯೂ

ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರ (1673–1704) ಆಶ್ರಯದಲ್ಲಿದ್ದ ಸಿಂಗರಾರ್ಯನ 'ಮಿತ್ರವಿಂದಾ ಗೋವಿಂದ'ವು ಉಪಲಬ್ಧ ಕನ್ನಡ ನಾಟಕಗಳಲ್ಲಿ ಮೊದಲನೆಯದು. ಅದರ ಸಂವಿಧಾನವು ಶ್ರೀಹರ್ಷನ 'ರತ್ನಾವಳಿ'ಯದು. ಅಲ್ಲಿಯ ಉದಯನನು ಇಲ್ಲಿ ಕೃಷ್ಣನಾಗಿರುವನು. ಇದನ್ನು ಚೌರ್ಯವೆನ್ನಲಾಗದು. ಸಂಸ್ಕೃತಜ್ಞರ ಸಭೆಯಲ್ಲಿ ಮೂಲವು ಅಡಗುವಂತಿರಲಿಲ್ಲ.

ಓದುಗರ ಮಂಡಲವು ವಿಸ್ತಾರವಾದ ಮೇಲೆ ಈ ಭರವಸೆಯು ಸಾಲದಾಯಿತು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದವರಾದ ಬಿ. ಎಂ. ಶ್ರೀಕಂಠಯ್ಯನವರು 1926ರ ತಮ್ಮ ಸಂಗ್ರಹಕ್ಕೆ 'ಇಂಗ್ಲಿಷ್ ಗೀತಗಳು' ಎಂದೇ ಹೆಸರಿಟ್ಟು, ಋಣವನ್ನು ಮುಖಪುಟದಲ್ಲಿಯೇ ಒಪ್ಪಿದರು. ಅವರ ಕವಿತ್ವಕ್ಕೆ ಅದರಿಂದ ಕುಂದೇನೂ ಒದಗಲಿಲ್ಲ.

ವೈಜ್ಞಾನಿಕ ಕಲ್ಪನೆಯ ಚಲಚ್ಚಿತ್ರಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. 1984ರ 'ದಿ ಟರ್ಮಿನೇಟರ್' ಚಿತ್ರದಲ್ಲಿ ಭವಿಷ್ಯದ ಯೋಧನು ಹಿಂದಣ ಕಾಲಕ್ಕೆ ಬರುವನು. ಅಂತಹ ಯೋಧನನ್ನು ಹಾರ್ಲನ್ ಎಲಿಸನ್ನನು 1957ರ ಕಥೆಯೊಂದರಲ್ಲಿಯೂ ಅದರ 1964ರ ದೂರದರ್ಶನ ರೂಪದಲ್ಲಿಯೂ ಚಿತ್ರಿಸಿದ್ದನು. ಆತನು ಆಕ್ಷೇಪಿಸಿದ ಬಳಿಕ ರಾಜಿಯಾಗಿ, ಕೃತಜ್ಞತೆಯ ಸಾಲೊಂದು ಚಿತ್ರಕ್ಕೆ ಸೇರಿತು. ನಿರ್ದೇಶಕ ಕ್ಯಾಮರೂನನು ಮಾತ್ರ ಆರೋಪವನ್ನು ಒಪ್ಪಲಿಲ್ಲ.

ಕಲ್ಪನೆಗೆ ಒಡೆತನವಿಲ್ಲವೆಂಬುದು ವ್ಯವಹಾರದಲ್ಲಿ ನಿಲ್ಲಬಹುದಾದ ವಾದ. ವಿಮರ್ಶೆಯು ಅದರಿಂದ ತೃಪ್ತವಾಗದು. ಪಡೆಯುವುದು ದೋಷವಲ್ಲ, ಮರೆಮಾಚುವುದು ದೋಷ. ಮೂಲವನ್ನರಿಯದ ಪ್ರೇಕ್ಷಕರ ಮುಂದೆ, ಅಂದು ವಿದ್ವತ್ಸಭೆಯು ಮಾಡುತ್ತಿದ್ದ ಕಾರ್ಯವನ್ನು ಇಂದು ಆ ಒಂದು ಸಾಲೇ ಮಾಡಬೇಕಾಗಿದೆ.